ಗಡಿಯನ್ನು ಕಾಯುವವರು ಯಾರು? ಎರಡು ದ್ವೀಪಗಳ ಮೀನು ನೆಲೆ ಮತ್ತು ಸ್ಥಳೀಯ ಆಡಳಿತ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಕ್ರಮದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಸಾಮಾನ್ಯ ಸಭೆಯಲ್ಲಿ ಒಂದು ನಿರ್ಣಯವನ್ನು ಅಂಗೀಕರಿಸಲು ಅರ್ಧ ಗಂಟೆ ಸಾಕು. ಅದನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಲು ಇನ್ನೂ ಹತ್ತು ನಿಮಿಷ ಬೇಕಾಗಬಹುದು. ಆದರೆ ಐದು ವರ್ಷಗಳ ಅವಧಿ ಮುಗಿದು ಹೊಸ ಸದಸ್ಯರು ಆಯ್ಕೆಯಾಗಿ ಬಂದ ಮೇಲೂ ಆ ನಿರ್ಣಯ ಊರಿನಲ್ಲಿ ಜೀವಂತವಾಗಿ ಉಳಿಯುವುದೇ ಎಂಬುದು ಬೇರೆಯೇ ಪ್ರಶ್ನೆ. ಗೋಮಾಳ, ಕೆರೆಯಂಗಳ, ಹಳ್ಳದ ದಂಡೆ ಮುಂತಾದ ಎಲ್ಲ ಸಾಮುದಾಯಿಕ ಆಸ್ತಿಗಳ ವಿಷಯದಲ್ಲಿಯೂ ಈ ಪ್ರಶ್ನೆ ಏಳುತ್ತದೆ. ಇದೇ ಪ್ರಶ್ನೆಯನ್ನು ಫಿಲಿಪ್ಪೀನ್ಸ್ ದೇಶದ ಕಡಲಜೀವಿ ವಿಜ್ಞಾನಿಯೊಬ್ಬರು ಸಮುದ್ರದಲ್ಲಿ ಎದುರಿಸಬೇಕಾಯಿತು. ಅವರು ಮೀನನ್ನು ಎಣಿಸಲು ಹೊರಟವರು. ಕೊನೆಗೆ ಸ್ಥಳೀಯ ಆಡಳಿತದ ಬಲವನ್ನೂ ದೌರ್ಬಲ್ಯವನ್ನೂ ಅಂಕಿಗಳಲ್ಲಿ ಕಂಡವರು. ಅವರ ಸಂಶೋಧನೆಯನ್ನು ಗ್ರಾಮ ಪಂಚಾಯಿತಿಯ ದೃಷ್ಟಿಯಿಂದ ಪರಿಶೀಲಿಸುವುದು ಈ ಉಪನ್ಯಾಸದ ಉದ್ದೇಶ.

ವಿಜ್ಞಾನಿಯ ಪರಿಚಯ

ಡಾ. ಆಂಜೆಲ್ ಆಲ್ಕಲಾ ಅವರು 1929ರಲ್ಲಿ ಫಿಲಿಪ್ಪೀನ್ಸ್‌ನ ನೆಗ್ರೋಸ್ ದ್ವೀಪದಲ್ಲಿ ಜನಿಸಿದರು. ಅವರ ತಂದೆ ಮೀನು ಸಾಕುವ ಕೊಳಗಳಲ್ಲಿ ದುಡಿಯುತ್ತಿದ್ದರು. ಅದೇ ದ್ವೀಪದ ಡುಮಗೆಟೆ ಪಟ್ಟಣದ ಸಿಲ್ಲಿಮನ್ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲಿಯೇ ಅಧ್ಯಾಪಕರಾದರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ 1966ರಲ್ಲಿ ಡಾಕ್ಟರೇಟ್ ಪಡೆದರು. ಆರಂಭದಲ್ಲಿ ಅವರ ಅಧ್ಯಯನ ಕಪ್ಪೆ ಮತ್ತು ಸರೀಸೃಪಗಳ ಕುರಿತಾಗಿತ್ತು. ಕ್ರಮೇಣ ಅವರ ಗಮನ ಕಡಲತೀರದ ಬಡ ಮೀನುಗಾರರ ಅನ್ನದ ಮೂಲವಾದ ಹವಳದ ದಿಬ್ಬಗಳ ಕಡೆಗೆ ತಿರುಗಿತು. 1992ರಲ್ಲಿ ಅವರಿಗೆ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಅದೇ ವರ್ಷದಿಂದ 1995ರವರೆಗೆ ಅವರು ದೇಶದ ಪರಿಸರ ಮತ್ತು ನೈಸರ್ಗಿಕ ಸಂಪನ್ಮೂಲ ಇಲಾಖೆಯ ಮುಖ್ಯಸ್ಥರಾಗಿದ್ದರು. 2023ರಲ್ಲಿ ನಿಧನರಾದರು.

ಮೀನಿಗೆ ಮನೆ ಬೇಕು

ಹವಳದ ದಿಬ್ಬವೆಂಬುದು ಬರಿಯ ಕಲ್ಲಲ್ಲ. ಅತಿ ಚಿಕ್ಕ ಜೀವಿಗಳು ಸುಣ್ಣವನ್ನು ಸ್ರವಿಸಿ, ಪದರದ ಮೇಲೆ ಪದರ ಕಟ್ಟಿ, ನೂರಾರು ವರ್ಷಗಳಲ್ಲಿ ಬೆಳೆಸಿದ ರಚನೆ ಅದು. ಅದರ ಪೊಟರೆ, ಬಿರುಕು, ಕೊಂಬೆಗಳ ನಡುವೆ ಮರಿಮೀನು ಅಡಗುತ್ತದೆ, ಪಾಚಿ ತಿನ್ನುವ ಮೀನು ಮೇಯುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಮುರು ಮೀನು ಎಂದು ಕರೆಯುವ ಬಳಗದ ದೊಡ್ಡ ಬೇಟೆಗಾರ ಮೀನುಗಳು ಹೊಂಚು ಹಾಕಿ ಕುಳಿತಿರುತ್ತವೆ. ದಿಬ್ಬದ ಏರುತಗ್ಗುಗಳು ಸಮತಟ್ಟಾದಷ್ಟೂ ಅಲ್ಲಿ ವಾಸಿಸಬಲ್ಲ ಮೀನಿನ ಸಂಖ್ಯೆ ಕುಗ್ಗುತ್ತದೆ.

ಎರಡನೆಯ ಮಹಾಯುದ್ಧದ ನಂತರ ಫಿಲಿಪ್ಪೀನ್ಸ್‌ನ ತೀರಗಳಲ್ಲಿ ಸಿಡಿಮದ್ದು ಹಾಕಿ ಮೀನು ಹಿಡಿಯುವ ಕ್ರಮ ಹರಡಿತು. ಸಯನೈಡ್ ಬಳಕೆ ಬಂದಿತು. ಹಗ್ಗಕ್ಕೆ ಕಲ್ಲು ಕಟ್ಟಿ, ಹವಳವನ್ನು ಕುಟ್ಟುತ್ತ, ಮೀನನ್ನು ದೊಡ್ಡ ಬಲೆಯೊಳಗೆ ಅಟ್ಟುವ ಪದ್ಧತಿಯೂ ಇತ್ತು. ಸಿಡಿಮದ್ದು ಒಂದು ದಿನದ ಮೀನನ್ನು ಕೊಡುತ್ತದೆ. ಆದರೆ ಮೀನಿನ ಮನೆಯನ್ನೇ ಪುಡಿ ಮಾಡುತ್ತದೆ. ಪುಡಿಯಾದ ಹವಳದ ಚೂರುಗಳು ಅಲೆಗೆ ಉರುಳುತ್ತಲೇ ಇರುವುದರಿಂದ ಹೊಸ ಹವಳ ಅಲ್ಲಿ ಬೇರೂರುವುದು ಬಹಳ ನಿಧಾನ.

ಇದಕ್ಕೆ ಇನ್ನೊಂದು ಸಂಗತಿಯನ್ನು ಸೇರಿಸಬೇಕು. ಮೀನಿನ ವಂಶಾಭಿವೃದ್ಧಿಯಲ್ಲಿ ಗಾತ್ರಕ್ಕೆ ಬಹಳ ಬೆಲೆಯಿದೆ. ಅಮೆರಿಕದ ಕೆಂಪು ಸ್ನ್ಯಾಪರ್ ಎಂಬ ಮೀನಿನ ಕುರಿತು ವಿಜ್ಞಾನಿಗಳು ಮಾಡಿರುವ ಪ್ರಸಿದ್ಧ ಲೆಕ್ಕವೊಂದಿದೆ. ಸುಮಾರು 61 ಸೆಂಟಿಮೀಟರ್ ಉದ್ದದ ಒಂದು ಹೆಣ್ಣು ಮೀನು ಇಡುವಷ್ಟು ಮೊಟ್ಟೆಗಳನ್ನು ಇಡಲು 42 ಸೆಂಟಿಮೀಟರ್ ಉದ್ದದ 212 ಹೆಣ್ಣು ಮೀನುಗಳು ಬೇಕು. ಉದ್ದ ಒಂದೂವರೆ ಪಟ್ಟಿಗಿಂತ ಕಡಿಮೆ ಹೆಚ್ಚಿದರೆ ಮೊಟ್ಟೆ ಇನ್ನೂರು ಪಟ್ಟು ಹೆಚ್ಚುತ್ತದೆ. ಆದುದರಿಂದ ಹಳೆಯ ದೊಡ್ಡ ಮೀನುಗಳನ್ನೆಲ್ಲ ಹಿಡಿದು ಮುಗಿಸುವುದೆಂದರೆ ರೈತನು ಬಿತ್ತನೆಯ ಕಾಳನ್ನು ಅನ್ನಕ್ಕೆ ಹಾಕಿದಂತೆ. ಅಂಥ ಮೀನುಗಳು ಬದುಕಿ ಬೆಳೆಯಲು ಯಾರೂ ಬಲೆ ಹಾಕದ ಒಂದಿಷ್ಟು ಜಾಗ ಬೇಕು. ಆಲ್ಕಲಾ ಅವರ ಪ್ರಯೋಗದ ಬೀಜ ಈ ವಿಚಾರದಲ್ಲಿದೆ.

ಮೊದಲ ದ್ವೀಪ: ಸುಮಿಲೊನ್

ಸೆಬು ದ್ವೀಪದ ದಕ್ಷಿಣ ತುದಿಯ ಸಮೀಪ ಸುಮಿಲೊನ್ ಎಂಬ ಪುಟ್ಟ ದ್ವೀಪವಿದೆ. ಅದು ಓಸ್ಲೋಬ್ ಎಂಬ ಸ್ಥಳೀಯ ಪುರಸಭೆಯ ವ್ಯಾಪ್ತಿಗೆ ಸೇರಿದ್ದು. 1974ರಲ್ಲಿ ಸಿಲ್ಲಿಮನ್ ವಿಶ್ವವಿದ್ಯಾಲಯವು ಆಲ್ಕಲಾ ಅವರ ನೇತೃತ್ವದಲ್ಲಿ ಆ ಪುರಸಭೆಯ ಮನವೊಲಿಸಿತು. ದ್ವೀಪದ ಪಶ್ಚಿಮ ಭಾಗದ, ಅಂದರೆ ಒಟ್ಟು ಹವಳದ ದಿಬ್ಬದ ಸುಮಾರು ಕಾಲು ಭಾಗದಲ್ಲಿ ಮೀನು ಹಿಡಿಯುವುದನ್ನು ಪೂರ್ಣವಾಗಿ ನಿಲ್ಲಿಸಲಾಯಿತು. ಉಳಿದ ಮುಕ್ಕಾಲು ಭಾಗದಲ್ಲಿ ಗಾಳ, ಬಲೆ, ಬಿದಿರಿನ ಕೂಳಿಗಳಿಂದ ಮೀನು ಹಿಡಿಯಲು ಅವಕಾಶವಿತ್ತು. ವಿಶ್ವವಿದ್ಯಾಲಯವು ಒಬ್ಬ ಕಾವಲುಗಾರನನ್ನು ನೇಮಿಸಿತು.

ಹೊರಗಿನ ಮುಕ್ಕಾಲು ಭಾಗದಲ್ಲಿ ಮೀನುಗಾರರಿಗೆ ದೊರೆಯುವ ಮೀನನ್ನು ವಿಜ್ಞಾನಿಗಳು ತೂಗಿ ಬರೆದಿಟ್ಟರು. 1983-84ರ ವೇಳೆಗೆ ಅಲ್ಲಿ ಚದರ ಕಿಲೋಮೀಟರಿಗೆ ವರ್ಷಕ್ಕೆ ಸುಮಾರು 37 ಟನ್ ಮೀನು ದೊರೆಯುತ್ತಿತ್ತು. ಹವಳದ ದಿಬ್ಬಗಳ ಮಟ್ಟಿಗೆ ಇದು ಬಹಳ ಉತ್ತಮ ಇಳುವರಿ.

ಅಷ್ಟರಲ್ಲಿ ಸ್ಥಳೀಯ ಆಡಳಿತ ಬದಲಾಗಿತ್ತು. ಹೊಸದಾಗಿ ಆಯ್ಕೆಯಾದವರಿಗೆ ಹಳೆಯವರ ನಿರ್ಬಂಧದಲ್ಲಿ ಆಸಕ್ತಿಯಿರಲಿಲ್ಲ. ಆ ಜಲದ ಮೇಲೆ ಅಧಿಕಾರ ಯಾರದ್ದು ಎಂಬ ವಿವಾದ ಬೆಳೆಯಿತು. ಸುಮಿಲೊನ್‌ನಲ್ಲಿ ಊರೆಂಬುದೇ ಇರಲಿಲ್ಲ; ಅಲ್ಲಿ ಮೀನು ಹಿಡಿಯುತ್ತಿದ್ದವರು ಎದುರಿನ ಸೆಬು ತೀರದ ಊರುಗಳವರು. ಅವರ ಕಣ್ಣಿಗೆ ಆ ಗಡಿ ವಿಶ್ವವಿದ್ಯಾಲಯದ ಗಡಿಯಾಗಿತ್ತು, ಕಾವಲುಗಾರ ವಿಶ್ವವಿದ್ಯಾಲಯದ ಕಾವಲುಗಾರನಾಗಿದ್ದ. 1984ರಲ್ಲಿ ರಕ್ಷಣೆ ಕುಸಿಯಿತು. ಕಾಯ್ದಿಟ್ಟ ಭಾಗಕ್ಕೆ ದೋಣಿಗಳು ನುಗ್ಗಿದವು.

ಹತ್ತು ವರ್ಷ ಕೂಡಿಟ್ಟ ಮೀನು ಕಡಿಮೆ ಅವಧಿಯಲ್ಲಿ ಬರಿದಾಯಿತು. ಇಲ್ಲಿ ಸದಸ್ಯರು ಗಮನಿಸಬೇಕಾದ ಅಂಕಿಯೊಂದಿದೆ. ನಿರ್ಬಂಧ ತೆಗೆದ ಮೇಲೆ ಮೀನುಗಾರರಿಗೆ ದಿಬ್ಬದ ಮುಕ್ಕಾಲು ಭಾಗದ ಬದಲು ಪೂರ್ತಿ ಭಾಗ ಲಭ್ಯವಾಯಿತು. ಜಾಗ ಹೆಚ್ಚಿದ್ದರಿಂದ ಮೀನು ಹೆಚ್ಚಬೇಕೆಂದು ಯಾರಿಗಾದರೂ ತೋರುವುದು ಸಹಜ. ಆದರೆ 1985-86ರಲ್ಲಿ ಇಳುವರಿ ಚದರ ಕಿಲೋಮೀಟರಿಗೆ ಸುಮಾರು 20 ಟನ್‌ಗೆ, ಅಂದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಆಲ್ಕಲಾ ಮತ್ತು ಅವರ ಸಹಸಂಶೋಧಕ, ಆಸ್ಟ್ರೇಲಿಯಾದ ಜೇಮ್ಸ್ ಕುಕ್ ವಿಶ್ವವಿದ್ಯಾಲಯದ ಗ್ಯಾರಿ ರಸ್ ಅವರು ಈ ಫಲಿತಾಂಶವನ್ನು 1990ರಲ್ಲಿ ಪ್ರಕಟಿಸಿದರು. ಮುಚ್ಚಿಟ್ಟ ಕಾಲು ಭಾಗವೇ ತೆರೆದ ಮುಕ್ಕಾಲು ಭಾಗಕ್ಕೆ ಮೀನನ್ನು ಒದಗಿಸುತ್ತಿತ್ತು ಎಂಬುದಕ್ಕೆ, ಆ ಕಾಲು ಭಾಗವನ್ನು ಕಳೆದುಕೊಂಡ ಮೇಲೆಯೇ ಅತ್ಯಂತ ಸ್ಪಷ್ಟವಾದ ಪುರಾವೆ ದೊರೆಯಿತು.

ಎರಡನೆಯ ದ್ವೀಪ: ಆಪೋ

ನೆಗ್ರೋಸ್ ದ್ವೀಪದ ಆಗ್ನೇಯ ತೀರದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಆಪೋ ದ್ವೀಪವಿದೆ. ವಿಸ್ತೀರ್ಣ ಎಪ್ಪತ್ತು ಹೆಕ್ಟೇರ್‌ಗಿಂತ ಸ್ವಲ್ಪ ಹೆಚ್ಚು. ಅಲ್ಲಿ ನೂರಾರು ಜನರ ಮೀನುಗಾರರ ಊರಿದೆ. ಆ ಊರು ದಾವಿನ್ ಪುರಸಭೆಯ ಒಂದು 'ಬರಂಗಾಯ್'. ಬರಂಗಾಯ್ ಎಂದರೆ ಚುನಾಯಿತ ಸದಸ್ಯರಿರುವ, ಆ ದೇಶದ ಆಡಳಿತದ ಅತ್ಯಂತ ಕೆಳಗಿನ ಹಂತ. ಗ್ರಾಮ ಪಂಚಾಯಿತಿಗೆ ಹೋಲಿಸಬಹುದಾದ ಸಂಸ್ಥೆ.

ಇಲ್ಲಿಯೂ ಅದೇ ವಿಶ್ವವಿದ್ಯಾಲಯ, ಅದೇ ವಿಜ್ಞಾನಿ, ಅದೇ ವಿಚಾರ. ಆದರೆ ಕ್ರಮ ಬೇರೆಯಾಗಿತ್ತು. ಗಡಿ ಹಾಕುವ ಮೊದಲು ವರ್ಷಗಟ್ಟಲೆ ಮಾತುಕತೆ ನಡೆಯಿತು. ದಿಬ್ಬದಲ್ಲಿ ಮೀನು ಹೇಗೆ ಬೆಳೆಯುತ್ತದೆ, ಸಿಡಿಮದ್ದು ಏನು ಮಾಡುತ್ತದೆ ಎಂಬುದನ್ನು ಊರಿನವರೊಡನೆ ಚರ್ಚಿಸಲಾಯಿತು. 1982ರಲ್ಲಿ ಊರಿನವರ ಒಪ್ಪಿಗೆಯಿಂದ ದ್ವೀಪದ ಆಗ್ನೇಯ ಬದಿಯಲ್ಲಿ ಸುಮಾರು 450 ಮೀಟರ್ ಉದ್ದದ ಭಾಗವನ್ನು, ಅಂದರೆ ದಿಬ್ಬದ ಸುಮಾರು ಶೇ. 10ನ್ನು ಮೀನುಗಾರಿಕೆಯಿಂದ ಮುಕ್ತಗೊಳಿಸಲಾಯಿತು. ಪುರಸಭೆಯ ಔಪಚಾರಿಕ ಮನ್ನಣೆ ಬಂದುದು ಅದರ ನಂತರ, 1985ರ ಸುಮಾರಿಗೆ. ದಿಬ್ಬದ ಉಳಿದ ಭಾಗದಲ್ಲಿ ಊರಿನವರಿಗೆ ಮೀನುಗಾರಿಕೆ ಮುಕ್ತವಾಗಿತ್ತು. ಸಿಡಿಮದ್ದು, ವಿಷ ಮುಂತಾದ ನಾಶಕಾರಿ ವಿಧಾನಗಳು ಮಾತ್ರ ನಿಷಿದ್ಧ. ಕಾವಲಿನ ಹೊಣೆಯನ್ನು ಊರಿನವರದೇ ಸಮಿತಿ ಹೊತ್ತಿತು.

ಇಲ್ಲಿ ಕ್ರಮದ ವ್ಯತ್ಯಾಸವನ್ನು ಸೂಕ್ಷ್ಮವಾಗಿ ನೋಡಬೇಕು. ಆಪೋದಲ್ಲಿ ಒಪ್ಪಿಗೆ ಮೊದಲು, ಗಡಿ ಅನಂತರ, ಕಾಗದ ಕೊನೆಯಲ್ಲಿ. ಸುಮಿಲೊನ್‌ನಲ್ಲಿ ಕಾಗದ ಮೊದಲು ಬಂದಿತು. ಒಪ್ಪಿಗೆ ಹಿಂದೆ ಬರುವುದೆಂಬ ನಿರೀಕ್ಷೆ ಕೈಗೂಡಲಿಲ್ಲ.

ಫಲ ಬರಲು ಹಿಡಿದ ಕಾಲ

ವಿಜ್ಞಾನಿಗಳು ನೀರಿಗಿಳಿದು, ಅಳತೆ ಮಾಡಿದ ಪಟ್ಟಿಗಳೊಳಗೆ ಕಾಣುವ ಮೀನನ್ನು ಜಾತಿವಾರು, ಗಾತ್ರವಾರು ಎಣಿಸಿದರು. ಅದೇ ಸ್ಥಳ, ಅದೇ ವಿಧಾನ, ವರ್ಷದ ಮೇಲೆ ವರ್ಷ. ಊರಿನ ಇಳುವರಿಯ ದೊಡ್ಡ ಪಾಲಾದ ಎರಡು ಮೀನಿನ ಕುಟುಂಬಗಳ ಒಟ್ಟು ತೂಕವು ರಕ್ಷಿತ ಭಾಗದೊಳಗೆ 1983ರಿಂದ 2001ರವರೆಗಿನ 18 ವರ್ಷಗಳಲ್ಲಿ ಮೂರು ಪಟ್ಟಾಯಿತು. ರಕ್ಷಿತ ಭಾಗದ ಹೊರಗೆ, ಗಡಿಯಿಂದ 200ರಿಂದ 250 ಮೀಟರ್ ವ್ಯಾಪ್ತಿಯಲ್ಲಿ ಹೆಚ್ಚಳ ಕಂಡಿತು. ಅದಕ್ಕಿಂತ ದೂರದಲ್ಲಿ ಅಷ್ಟಾಗಿ ಕಾಣಲಿಲ್ಲ. ಗಾಳ ಹಾಕುವ ಮೀನುಗಾರನಿಗೆ ಅಷ್ಟೇ ಹೊತ್ತಿನ ದುಡಿಮೆಗೆ ದೊರೆಯುವ ಮೀನು ಆರಂಭದ ವರ್ಷಗಳಿಗಿಂತ ಸುಮಾರು ಶೇ. 50ರಷ್ಟು ಹೆಚ್ಚಿತು. ಊರಿನವರು ಮೊದಲಿಗಿಂತ ಕಡಿಮೆ ಹೊತ್ತು ಗಾಳ ಹಾಕತೊಡಗಿದರು.

ಆದರೆ ಈ ಫಲ ಕೂಡಲೇ ಬರಲಿಲ್ಲ. ದೊಡ್ಡ ಬೇಟೆಗಾರ ಮೀನುಗಳ ಸಂಖ್ಯೆ ಗಡಿಯ ಹೊರಗೆ ಏರಿದ್ದು ಸ್ಪಷ್ಟವಾಗಿ ಕಂಡುಬಂದುದು ರಕ್ಷಣೆ ಆರಂಭವಾಗಿ ಒಂಬತ್ತರಿಂದ ಹನ್ನೊಂದು ವರ್ಷಗಳಾದ ಮೇಲೆ. ಮುರು ಮೀನಿನಂಥವು ನಿಧಾನವಾಗಿ ಬೆಳೆಯುವ, ದೀರ್ಘಕಾಲ ಬದುಕುವ ಜಾತಿಗಳು. ಮೊದಲು ಒಳಗೆ ತುಂಬಬೇಕು, ಆಮೇಲೆ ಹೊರಗೆ ಚೆಲ್ಲಬೇಕು.

ಚುನಾಯಿತ ಪ್ರತಿನಿಧಿಗಳಿಗೆ ಇದರ ಅರ್ಥ ಕಠಿಣವಾದುದು. ನಿರ್ಬಂಧದ ಕಷ್ಟ ಮೊದಲ ದಿನದಿಂದಲೇ ಆರಂಭವಾಗುತ್ತದೆ. ಮನೆಯ ಮುಂದಿನ ಒಳ್ಳೆಯ ಜಾಗವನ್ನು ಬಿಟ್ಟು ದೂರ ಹೋಗಬೇಕಾದ ಮೀನುಗಾರ ಆ ದಿನವೇ ನಷ್ಟ ಅನುಭವಿಸುತ್ತಾನೆ. ಫಲವಾದರೋ ಎರಡು ಅವಧಿಗಳ ಕೊನೆಗೆ ಬರುತ್ತದೆ. ನಿರ್ಣಯ ಮಾಡಿದವರು ಟೀಕೆಯನ್ನು ಪಡೆಯುತ್ತಾರೆ. ಯಶಸ್ಸಿನ ವೇಳೆಗೆ ಅವರು ಅಧಿಕಾರದಲ್ಲಿ ಇರದೆಯೂ ಇರಬಹುದು. ಆದುದರಿಂದಲೇ ಅಂಥ ನಿರ್ಣಯ ಸದಸ್ಯರ ಸ್ವತ್ತಾಗಿ ಉಳಿದರೆ ಸದಸ್ಯರೊಡನೆಯೇ ಹೋಗುತ್ತದೆ. ಊರಿನ ಸ್ವತ್ತಾದರೆ ಮಾತ್ರ ನಿಲ್ಲುತ್ತದೆ.

ಯಶಸ್ಸಿನ ನಂತರದ ತೊಡಕುಗಳು

ಆಪೋದ ಕಥೆಯನ್ನು ಸುಖಾಂತವೆಂದು ಹೇಳಿ ಮುಗಿಸುವುದು ಸತ್ಯಕ್ಕೆ ದೂರವಾದೀತು. 1991ರಲ್ಲಿ ಫಿಲಿಪ್ಪೀನ್ಸ್ ಹೊಸ ಸ್ಥಳೀಯ ಸರ್ಕಾರ ಸಂಹಿತೆಯನ್ನು ಅಂಗೀಕರಿಸಿ, ತೀರದಿಂದ 15 ಕಿಲೋಮೀಟರ್‌ವರೆಗಿನ ಜಲದ ಮೇಲಿನ ಅಧಿಕಾರವನ್ನು ಪುರಸಭೆಗಳಿಗೆ ವಹಿಸಿತು. 1998ರ ಮೀನುಗಾರಿಕಾ ಸಂಹಿತೆಯು, ಸಾಧ್ಯವಿರುವೆಡೆ ಪ್ರತಿ ಪುರಸಭೆಯ ತೀರಜಲದ ಕನಿಷ್ಠ ಶೇ. 15 ಭಾಗವನ್ನು ಮೀನುಗಳ ಆಶ್ರಯತಾಣವಾಗಿ ಗುರುತಿಸಬೇಕೆಂದಿತು. ಈ ನೀತಿಗಳ ಹಿಂದೆ ಸುಮಿಲೊನ್ ಮತ್ತು ಆಪೋಗಳ ಅನುಭವದ ಪ್ರಭಾವವಿದೆ. ಇಂದು ಆ ದೇಶದಲ್ಲಿ ಇಂಥ ರಕ್ಷಿತ ತಾಣಗಳು ಸಾವಿರಕ್ಕೂ ಹೆಚ್ಚಿವೆ.

ಆದರೆ 1994ರಲ್ಲಿ ಆಪೋವನ್ನು ರಾಷ್ಟ್ರಮಟ್ಟದ ಸಂರಕ್ಷಿತ ಪ್ರದೇಶವೆಂದು ಘೋಷಿಸಿದಾಗ, ಊರಿನ ಸಮಿತಿಯ ಕೈಯಲ್ಲಿದ್ದ ನಿರ್ವಹಣೆ ಸರ್ಕಾರಿ ಪ್ರತಿನಿಧಿಗಳೂ ಇರುವ ಮಂಡಳಿಯ ಕೈಗೆ ಹೋಯಿತು. ನೀರಿನೊಳಗೆ ಮುಳುಗಿ ಹವಳ ನೋಡಲು ಬರುವ ಪ್ರವಾಸಿಗರಿಂದ ಶುಲ್ಕ ಸಂಗ್ರಹವೂ ಆರಂಭವಾಯಿತು. ತೀರ್ಮಾನಗಳು ದೂರವಾದವೆಂಬ ಅಸಮಾಧಾನ ಊರಿನವರಲ್ಲಿ ಬೆಳೆಯಿತೆಂದು ನಂತರದ ಅಧ್ಯಯನಗಳು ದಾಖಲಿಸಿವೆ. ಕಾನೂನಿನ ಬಲ ಹೆಚ್ಚಿತು. ಊರಿನ ಮಾತಿನ ತೂಕ ತಗ್ಗಿತು. ಎರಡೂ ಒಟ್ಟಿಗೆ ಇರುವಂತೆ ನೋಡಿಕೊಳ್ಳುವುದು ಸುಲಭವಲ್ಲವೆಂಬ ಪಾಠ ಇದರಲ್ಲಿದೆ.

ಪ್ರಕೃತಿಯೂ ತನ್ನ ಲೆಕ್ಕವನ್ನು ಇಟ್ಟಿತ್ತು. 2011 ಮತ್ತು 2012ರ ಡಿಸೆಂಬರ್ ತಿಂಗಳುಗಳಲ್ಲಿ ಬೀಸಿದ ಎರಡು ಚಂಡಮಾರುತಗಳು ರಕ್ಷಿತ ಭಾಗದ ಹವಳವನ್ನೇ ಧ್ವಂಸಗೊಳಿಸಿದವು. ಅಲ್ಲಿನ ಮೀನೂ ಕುಸಿಯಿತು. ಮೂವತ್ತು ವರ್ಷ ಕಾಯ್ದ ಮೀನು ನೆಲೆಗಾಳಿಯ ಮುಂದೆ ನಿಲ್ಲಲಿಲ್ಲ. ಇದರಿಂದ ಕಾಯುವುದು ವ್ಯರ್ಥವೆಂದು ತಿಳಿಯಬಾರದು. ಒಂದೇ ಕಡೆ ಕಾಯ್ದರೆ ಸಾಲದು, ಹಲವು ಕಡೆ ಚಿಕ್ಕ ಚಿಕ್ಕ ನೆಲೆಗಳಿರಬೇಕು ಎಂಬುದು ಇದರ ತಾತ್ಪರ್ಯ. ಒಂದು ಕಡೆ ಕಳೆದುದನ್ನು ಇನ್ನೊಂದು ಕಡೆಯ ಮೊಟ್ಟೆ ಮರಿಗಳು ತುಂಬಿಕೊಡಬಲ್ಲವು. ಇನ್ನೊಂದು ಮಿತಿಯನ್ನೂ ಹೇಳಬೇಕು. ದಿಬ್ಬದ ಒಂದು ತುಂಡನ್ನು ಮುಚ್ಚಿದರೆ ದಿಬ್ಬವನ್ನೇ ನೆಚ್ಚಿ ಬದುಕುವ ಮೀನಿಗೆ ಲಾಭ. ನೂರಾರು ಕಿಲೋಮೀಟರ್ ಸಂಚರಿಸುವ ಟ್ಯೂನಾದಂಥ ಮೀನಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಪಂಚಾಯಿತಿಯ ಕೈಯಲ್ಲಿರುವುದು

ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿಯಿದೆ. ಅದರಲ್ಲಿ ಐದನೆಯದು ಮೀನುಗಾರಿಕೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ಕೆರೆಗಳ ಮೀನು ಪಾಶುವಾರು ಹಕ್ಕಿನ ಹರಾಜು ಅನೇಕ ಸದಸ್ಯರಿಗೆ ಪರಿಚಿತವಾದ ವಿಷಯ.

ಮೀನಿಗೆ ವಿರಾಮ ಕೊಡುವ ವಿಚಾರವೂ ಕರ್ನಾಟಕಕ್ಕೆ ಹೊಸದಲ್ಲ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ದೇವರ ಮೀನುಗಳಿಗೆ ಯಾರೂ ಗಾಳ ಹಾಕುವುದಿಲ್ಲ. ಅಲ್ಲಿ ಗಡಿಯನ್ನು ಕಾಯುವುದು ಭಕ್ತಿ. ಆದರೆ ಶಿಶಿಲದಲ್ಲಿ 1996ರಲ್ಲಿ ನೀರಿಗೆ ವಿಷ ಬೆರೆಸಿದ್ದರಿಂದ ಸಾವಿರಾರು ಮೀನುಗಳು ಸತ್ತವು ಎಂಬುದೂ ನಿಜ. ಭಕ್ತಿಯ ಗಡಿಗೂ ಎಚ್ಚರದ ಕಾವಲು ಬೇಕು.

ಹವಳದ ದಿಬ್ಬದ ಅಂಕಿಗಳನ್ನು ಕೆರೆಗೋ ಹೊಳೆಗೋ ಹಾಗೆಯೇ ಅನ್ವಯಿಸಲಾಗದು. ಅನ್ವಯಿಸಬಹುದಾದುದು ಕಾರ್ಯಕ್ರಮ ಮಾತ್ರ. ಅದನ್ನು ಹೀಗೆ ಸಂಗ್ರಹಿಸಬಹುದು.

1. ಮೊದಲು ಮೀನಿನ ಮನೆಯನ್ನು ಗುರುತಿಸುವುದು. ಮಲೆನಾಡಿನವರು ಹತ್ತುಮೀನು ಎಂದು ಕರೆಯುವುದು ಮೊದಲ ಮಳೆಗೆ ಮೊಟ್ಟೆಯಿಡಲು ಹೊಳೆಯಿಂದ ಹಳ್ಳ, ಗದ್ದೆಗಳಿಗೆ ಏರಿ ಬರುವ ಮೀನನ್ನು. ಅದು ಏರುವ ದಾರಿ, ಬೇಸಿಗೆಯಲ್ಲಿ ನೀರು ನಿಲ್ಲುವ ಮಡು, ಕೆರೆಗೆ ನೀರು ತರುವ ಕಾಲುವೆ ಯಾವುವೆಂದು ಊರಿನ ಹಿರಿಯ ಮೀನುಗಾರರಿಗೆ ತಿಳಿದಿರುತ್ತದೆ. ಈ ತಿಳಿವು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಬೇಕು.

2. ನಿರ್ಣಯಕ್ಕೆ ಮುನ್ನ ನಷ್ಟ ಯಾರಿಗೆ ಎಂದು ಕೇಳುವುದು. ಮುಚ್ಚಬೇಕೆಂದಿರುವ ಜಾಗದಲ್ಲಿ ಈಗ ಮೀನು ಹಿಡಿಯುವವರು ಗ್ರಾಮ ಸಭೆಯಲ್ಲಿ ಹಾಜರಿರಬೇಕು, ಮಾತನಾಡಬೇಕು. ನೆರೆಯ ಪಂಚಾಯಿತಿಯವರು ಅಲ್ಲಿಗೆ ಬರುವುದಾದರೆ ಅವರೊಡನೆಯೂ ಮಾತುಕತೆ ಬೇಕು. ಸುಮಿಲೊನ್ ಎಡವಿದ್ದು ಇಲ್ಲಿಯೇ.

3. ಜಾಗ ಚಿಕ್ಕದಿರಲಿ, ಗಡಿ ಸ್ಪಷ್ಟವಿರಲಿ. ಆಪೋ ಮುಚ್ಚಿದ್ದು ಹತ್ತನೆಯ ಒಂದು ಭಾಗವನ್ನು ಮಾತ್ರ. ಊರಿನಿಂದ ಕಣ್ಣಿಗೆ ಕಾಣುವ ಜಾಗವನ್ನು ಕಾಯುವುದು ಸುಲಭ.

4. ಮುಚ್ಚುವ ಮೊದಲೇ ಎಣಿಸಲು ಆರಂಭಿಸುವುದು. ವರ್ಷಕ್ಕೊಮ್ಮೆ ಅದೇ ತಿಂಗಳು, ಅದೇ ಜಾಗ, ಅದೇ ಬಲೆಯಲ್ಲಿ ದೊರೆತ ಮೀನಿನ ಜಾತಿ, ಉದ್ದ, ತೂಕ ಬರೆದಿಟ್ಟರೆ ಸಾಕು. ಮೀನುಗಾರಿಕೆ ಇಲಾಖೆಯ ಸಹಕಾರ ಪಡೆಯಬಹುದು. ಶಾಲೆಯ ಮಕ್ಕಳೂ ಭಾಗವಹಿಸಬಹುದು. ಹೊಸ ಆಡಳಿತ ಮಂಡಳಿ ಬಂದು, ಈ ನಿರ್ಬಂಧದಿಂದ ಏನು ಪ್ರಯೋಜನವೆಂದು ಕೇಳಿದಾಗ ಉತ್ತರ ಕೊಡುವುದು ಆ ಪುಸ್ತಕವೇ.

5. ಆದಾಯ ಬಂದರೆ ಅದರ ಲೆಕ್ಕವನ್ನು ಗ್ರಾಮ ಸಭೆಯ ಮುಂದಿಡುವುದು. ಕಾಯುವವರಿಗೆ ಪಾಲಿಲ್ಲದ ಆಸ್ತಿಯನ್ನು ಬಹುಕಾಲ ಯಾರೂ ಕಾಯರು.

ಮಾನ್ಯರೇ,

ಎರಡು ದ್ವೀಪಗಳ ನಡುವೆ ವಿಜ್ಞಾನದಲ್ಲಿ ವ್ಯತ್ಯಾಸವಿರಲಿಲ್ಲ, ವಿಜ್ಞಾನಿಯಲ್ಲಿಯೂ ವ್ಯತ್ಯಾಸವಿರಲಿಲ್ಲ. ಒಂದು ಕಡೆ ಚುನಾವಣೆಯೊಂದಿಗೆ ಗಡಿ ಅಳಿಯಿತು. ಇನ್ನೊಂದು ಕಡೆ ಹಲವು ಚುನಾವಣೆಗಳು ಕಳೆದರೂ ಗಡಿ ಉಳಿಯಿತು. ಮೀನು ಎಲ್ಲಿ ಮೊಟ್ಟೆಯಿಡುತ್ತದೆ, ಎಷ್ಟು ವರ್ಷಕ್ಕೆ ಬೆಳೆಯುತ್ತದೆ ಎಂಬುದನ್ನು ವಿಜ್ಞಾನಿ ಹೇಳಬಲ್ಲನು. ಆ ಮಾತನ್ನು ಊರಿನ ಮಾತಾಗಿಸುವ ಕೆಲಸ ವಿಶ್ವವಿದ್ಯಾಲಯದ್ದೂ ಅಲ್ಲ, ಇಲಾಖೆಯದ್ದೂ ಅಲ್ಲ. ಅದು ಗ್ರಾಮ ಸಭೆಯನ್ನು ಕರೆಯುವ ಅಧಿಕಾರವುಳ್ಳವರದ್ದು. ಮುಂದಿನ ಗ್ರಾಮ ಸಭೆಯ ಕಾರ್ಯಸೂಚಿಯಲ್ಲಿ ಊರಿನ ಕೆರೆ, ಹೊಳೆ, ಅಳಿವೆಗಳ ಮೀನು ನೆಲೆಯನ್ನು ಗುರುತಿಸುವ ವಿಷಯಕ್ಕೆ ಒಂದು ಸಾಲಿನ ಸ್ಥಳ ದೊರೆಯಲೆಂದು ಕೋರಲಾಗಿದೆ.